ಶನಿವಾರ ರಾತ್ರಿಗೆ ಯಾವ ಕನ್ನಡ ಸಿನಿಮಾ: ಮಳೆಯೋ, ನಾಗವಲ್ಲಿಯೋ, ತಿಥಿಯೋ?

ಕಣ್ಣು ಒದ್ದೆಯಾಗಲಿ ಎನ್ನುವವರಿಗೆ ‘ಮುಂಗಾರು ಮಳೆ’ (2006). ಮದುವೆ ನಿಶ್ಚಯವಾದ ಹುಡುಗಿಯನ್ನು ಮೆಚ್ಚಿದ ಪ್ರೀತಂ ಕೊಡಗಿನ ಮಳೆಯಲ್ಲಿ ನೆನೆದು, ಕೊನೆಗೆ ತಾನೇ ಹಿಂದೆ ಸರಿಯುತ್ತಾನೆ. ಕಥೆ ಇಷ್ಟೇ; ದೇವದಾಸ ಎಂಬ ಮೊಲವನ್ನು ಮಾತ್ರ ಮರೆಯಲಾಗದು.

‘ಆಪ್ತಮಿತ್ರ’ (2004) ನಡುಗಿಸುತ್ತದೆ. ಬೀಗ ಜಡಿದ ಕೋಣೆ ತೆರೆದ ಗಂಗಾ ನಾಗವಲ್ಲಿಯಾಗುತ್ತಾಳೆ. ಬಿಡಿಸಲು ಮನೋವೈದ್ಯನೇ ಬರಬೇಕು. ಸೌಂದರ್ಯಾ ಅವರ ಆ ಕಣ್ಣು! ಮಕ್ಕಳು ಮಲಗಿದ ಮೇಲೆ ಹಾಕಿ.

ನನ್ನ ಮತ ‘ತಿಥಿ’ಗೆ. 101 ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈಯುತ್ತ ಕುಳಿತಿದ್ದವನು, ಎದ್ದು ನಾಲ್ಕು ಹೆಜ್ಜೆ ನಡೆದು ಸತ್ತೇಬಿಡುತ್ತಾನೆ. ಮಗ ಗಡ್ಡಪ್ಪನಿಗೆ ಜಮೀನಿನ ಗೊಡವೆಯೇ ಇಲ್ಲ, ಮೊಮ್ಮಗನಿಗೆ ಅದನ್ನು ಮಾರುವ ಆತುರ, ಮರಿಮಗ ಕುರಿ ಕಾಯುವ ಹುಡುಗಿಯ ಹಿಂದೆ. ಇವೆಲ್ಲ 11ನೇ ದಿನದ ಊಟಕ್ಕೇ ಬಂದು ಸಿಕ್ಕಿಕೊಳ್ಳುತ್ತವೆ. ಸಾವಿನ ಮನೆಯಲ್ಲಿ ಇಷ್ಟು ನಗು ಬೇರೆಲ್ಲೂ ಕಂಡಿಲ್ಲ.