ರಕ್ತ ಕಂಡಿತೆಂದು ಗರ್ಭವಿಲ್ಲ ಎಂದುಕೊಂಡೆ

ಮುಟ್ಟು ಐದು ದಿನ ತಡವಾದಾಗ ಗರ್ಭ ಪರೀಕ್ಷೆಯ ಕಿಟ್ ಒಂದನ್ನು ತಂದಿಟ್ಟುಕೊಂಡಿದ್ದೆ. ಬೆಳಗಿನ ಮೊದಲ ಮೂತ್ರದಲ್ಲಿ ನೋಡೋಣವೆಂದು ಮಲಗಿದವಳಿಗೆ ಮರುದಿನ ಎದ್ದಾಗ ಒಳಬಟ್ಟೆಯಲ್ಲಿ ಕಲೆ ಕಂಡಿತು. ಅಂತೂ ಮುಟ್ಟು ಬಂತೆಂದುಕೊಂಡು, ಕ್ಯಾಲೆಂಡರಿನಲ್ಲಿ ಆ ದಿನಾಂಕಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಕಿಟ್ಟನ್ನು ತೆರೆಯದೆಯೇ ಮೇಜಿನ ಖಾನೆಗೆ ತಳ್ಳಿದೆ. ಅದಾದ 17 ದಿನಗಳಿಗೆ ನನ್ನ ಬಲಗಡೆಯ ಗರ್ಭನಾಳವನ್ನು (ಅಂಡವನ್ನು ಗರ್ಭಕೋಶಕ್ಕೆ ತಲುಪಿಸುವ ಕೊಳವೆ) ತುರ್ತು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತು. ಆ ದಿನಗಳಲ್ಲಿ ನಾನು ಕಂಡೂ ಕಾಣದಂತೆ ಬಿಟ್ಟದ್ದು ಏನೆಂಬುದನ್ನು, ಇದೇ ಸ್ಥಿತಿಯಲ್ಲಿ ಇರಬಹುದಾದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಸ್ರಾವ ಮೊದಲ ದಿನದಿಂದಲೇ ನನ್ನ ಮಾಮೂಲಿ ಮುಟ್ಟಿನಂತಿರಲಿಲ್ಲ. ನನಗೆ ಎರಡನೆಯ ದಿನ ಹೆಚ್ಚು ಹೋಗಿ ನಾಲ್ಕನೆಯ ದಿನಕ್ಕೆ ನಿಲ್ಲುವುದು ರೂಢಿ. ಈ ಬಾರಿ ಹಾಗೆ ಏರಲೂ ಇಲ್ಲ, ಇಳಿಯಲೂ ಇಲ್ಲ. ತುಕ್ಕು ಹಿಡಿದ ಕೊಳಾಯಿಯ ನೀರಿನಂತಹ ಕಂದು ಬಣ್ಣದ, ತೆಳ್ಳಗಿನ ಸ್ರಾವ ಒಂದು ದಿನ ಕಂಡು, ಅರ್ಧ ದಿನ ನಿಂತು, ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಬೆಳಗ್ಗೆ ಇಟ್ಟುಕೊಂಡ ಪ್ಯಾಡು ಸಂಜೆಯವರೆಗೂ ತುಂಬುತ್ತಿರಲಿಲ್ಲ. ಕೆಲಸದ ಒತ್ತಡಕ್ಕೆ ಹೀಗಾಗುತ್ತದೆ ಎಂದು ಅಕ್ಕ ಹೇಳಿದಳು, ನಾನೂ ನಂಬಿದೆ. ನಂಬಲು ಅನುಕೂಲವಾದ ಮಾತು ಅದಾಗಿತ್ತು.

ಒಂಬತ್ತನೆಯ ದಿನವೂ ನಿಲ್ಲದಿದ್ದಾಗ ಒಂದು ಕ್ಲಿನಿಕ್ಕಿಗೆ ಹೋದೆ. ಕೊನೆಯ ಮುಟ್ಟು ಯಾವಾಗ ಎಂದು ಕೇಳಿದರು; ಕ್ಯಾಲೆಂಡರಿನ ಕೆಂಪು ಸುತ್ತಿನ ದಿನಾಂಕವನ್ನು ಹೇಳಿದೆ. ಹಿಂದಿನ ತಿಂಗಳ ದಿನಾಂಕವನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂತ್ರ ಪರೀಕ್ಷೆ ಮಾಡಿಸದೆ, ಸ್ರಾವ ನಿಲ್ಲಲೆಂದು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಮಗುವಾಗುವ ವಯಸ್ಸಿನ ಹೆಂಗಸು ಸ್ರಾವದ ದೂರು ಹೇಳಿಕೊಂಡು ಬಂದಾಗ, ಅವಳು ಏನೇ ಹೇಳಲಿ, ಮೊದಲು ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡೇ ಮುಂದಿನ ಮಾತು ಎನ್ನುವುದು ವೈದ್ಯಕೀಯದ ಪ್ರಾಥಮಿಕ ಪಾಠ ಎಂಬುದು ನನಗೆ ತಿಳಿದದ್ದು ಆಮೇಲೆ. ಆ ಕ್ಲಿನಿಕ್ಕಿನ ಮೇಲೆ ನನಗೆ ಸಿಟ್ಟಿದೆ. ಆದರೆ ತಪ್ಪು ದಿನಾಂಕ ಹೇಳಿದವಳು ನಾನೇ ಎಂಬುದನ್ನೂ ಮರೆಮಾಚುವುದಿಲ್ಲ.

ಮಾತ್ರೆಯಿಂದ ಸ್ರಾವ ತುಸು ತಗ್ಗಿತೇ ಹೊರತು ನಿಲ್ಲಲಿಲ್ಲ. ಅಷ್ಟರಲ್ಲಿ ಕಿಬ್ಬೊಟ್ಟೆಯ ಬಲಗಡೆ, ಒಂದೇ ಜಾಗದಲ್ಲಿ, ಚುಚ್ಚಿದಂತಹ ನೋವು ಶುರುವಾಗಿತ್ತು. ಮುಟ್ಟಿನ ನೋವು ನನಗೆ ಸೊಂಟದ ಸುತ್ತ ಹರಡುತ್ತದೆ. ಇದನ್ನು ಬೆರಳಿಟ್ಟು ತೋರಿಸಬಹುದಿತ್ತು. ಹದಿನಾರನೆಯ ರಾತ್ರಿ ಮಲಗಿದಾಗ ಬಲ ಹೆಗಲಿನ ತುದಿಯಲ್ಲಿ ನೋವು ಬಂತು. ದಿಂಬು ಸರಿಯಿಲ್ಲವೆಂದು ದಿಂಬನ್ನು ಬದಲಿಸಿ ಮಲಗಿದೆ. ಮರುದಿನ ಬೆಳಗ್ಗೆ ಮಲವಿಸರ್ಜನೆಗೆ ಹೋಗಲೇಬೇಕೆನ್ನಿಸುವಂತಹ ಒತ್ತಡವಾಗಿ ಶೌಚಾಲಯಕ್ಕೆ ಹೋದವಳು, ಏಳಲು ಹೋಗಿ ಕಣ್ಣು ಕತ್ತಲಿಟ್ಟು ಬಿದ್ದೆ.

ಆಸ್ಪತ್ರೆಯಲ್ಲಿ ಮಾಡಿದ ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿತು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿಯಿತ್ತು, ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಭ್ರೂಣ ಗರ್ಭನಾಳದಲ್ಲೇ ನಿಂತು ಬೆಳೆದು, ನಾಳ ಒಡೆದಿತ್ತು. ನನ್ನ ಲೆಕ್ಕದಲ್ಲಿ ಮುಟ್ಟಾಗಿ 17 ದಿನವಷ್ಟೇ ಆಗಿತ್ತು. ನಿಜವಾದ ಮುಟ್ಟಿನಿಂದ ಎಣಿಸಿದರೆ 7 ವಾರ ದಾಟಿತ್ತು.

ಗರ್ಭ ನಿಂತ ಮೇಲೂ ಮುಟ್ಟಿನಂತೆ ರಕ್ತ ಹೋದದ್ದೇಕೆ ಎಂದು ವೈದ್ಯೆಯನ್ನು ಕೇಳಿದೆ. ಗರ್ಭ ಎಲ್ಲಿ ಕಟ್ಟಿದರೂ ಅದರ ಹಾರ್ಮೋನುಗಳಿಂದ ಗರ್ಭಕೋಶದ ಒಳಪದರ ದಪ್ಪಗಾಗುತ್ತದೆ, ಆದರೆ ನಾಳದಲ್ಲಿ ಸಿಕ್ಕಿಕೊಂಡ ಗರ್ಭ ಸರಿಯಾಗಿ ಬೆಳೆಯಲಾರದೆ ಆ ಹಾರ್ಮೋನುಗಳ ಬೆಂಬಲ ಕುಗ್ಗಿದಾಗ ಪದರವು ಸ್ವಲ್ಪ ಸ್ವಲ್ಪವೇ ಕಳಚಿ ಹೊರಬರುತ್ತದೆ, ನೋಡುವವರಿಗೆ ಅದು ಮುಟ್ಟಿನಂತೆಯೇ ಕಾಣುತ್ತದೆ ಎಂದರು. ಹೆಗಲಿನ ನೋವಿಗೂ ದಿಂಬಿಗೂ ಸಂಬಂಧವಿರಲಿಲ್ಲ. ಹೊಟ್ಟೆಯೊಳಗೆ ಸೋರಿದ ರಕ್ತ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಯನ್ನು ಕೆರಳಿಸಿದಾಗ, ಅಲ್ಲಿನ ನರದ ಮೂಲಕ ನೋವು ಹೆಗಲಿನಲ್ಲಿ ತಿಳಿಯುತ್ತದೆಯಂತೆ. ಕಿಬ್ಬೊಟ್ಟೆಯ ಒಂದು ಪಕ್ಕದ ನೋವಿನ ಜೊತೆಗೆ ಹೆಗಲ ತುದಿಯ ನೋವು, ತಲೆಸುತ್ತು, ಬವಳಿ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು. ಗಂಟೆಗೆ ಎರಡು ಪ್ಯಾಡಿನಂತೆ ರಕ್ತ ಹೋಗುತ್ತಿದ್ದರೂ ಅಷ್ಟೇ. ನನ್ನ ವಿಷಯದಲ್ಲಿ ಹೊರಗೆ ಹೋದ ರಕ್ತ ಒಂದು ಪ್ಯಾಡಿಗೂ ಸಾಲದಷ್ಟಿತ್ತು, ಅಪಾಯವೆಲ್ಲ ಒಳಗೇ ಇತ್ತು ಎಂಬುದನ್ನು ಮಾತ್ರ ಗಮನದಲ್ಲಿಡಬೇಕು.

ಹೀಗೆಂದು ಸ್ರಾವ ಕಂಡವರೆಲ್ಲ ಹೆದರಬೇಕಾಗಿಲ್ಲ. ಗರ್ಭಿಣಿಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೊದಲ ಮೂರು ತಿಂಗಳಲ್ಲಿ ಸ್ವಲ್ಪವಾದರೂ ರಕ್ತ ಕಾಣುತ್ತದೆ, ಅವರಲ್ಲಿ ಬಹಳಷ್ಟು ಮಂದಿಗೆ ಆರೋಗ್ಯವಂತ ಮಗುವೇ ಹುಟ್ಟುತ್ತದೆ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಸಮಯದಲ್ಲಿ, ಹೆಚ್ಚುಕಡಿಮೆ ಮುಟ್ಟಾಗಬೇಕಾದ ದಿನಗಳಲ್ಲೇ, ಒಂದೆರಡು ದಿನ ನಸುಗೆಂಪು ಅಥವಾ ಕಂದು ಚುಕ್ಕೆಗಳು ಕಾಣುವುದೂ ಉಂಟು. ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದು ನೂರರಲ್ಲಿ ಒಂದೆರಡು ಪ್ರಕರಣಗಳಲ್ಲಿ ಮಾತ್ರ. ಆದರೆ ಇವುಗಳಲ್ಲಿ ಯಾವುದು ಯಾವುದೆಂದು ಬಣ್ಣ ನೋಡಿ ಹೇಳಲು ಸಾಧ್ಯವಿಲ್ಲ. ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ ನಂತರ ಕಂಡ ರಕ್ತವನ್ನು ಮಾತ್ರೆ ಕೆಲಸ ಮಾಡಿದ್ದಕ್ಕೆ ಸಾಕ್ಷಿಯೆಂದು ತಿಳಿಯುವವರೂ ಇದೇ ತಪ್ಪನ್ನು ಮಾಡುತ್ತಾರೆ. ಕಾಪರ್‌ ಟಿ ಹಾಕಿಸಿಕೊಂಡವರು ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಆದವರು ಗರ್ಭಿಣಿಯಾಗುವುದು ಅಪರೂಪ. ಆದರೂ ಆದರೆ, ಗರ್ಭ ಹೊರಗೆ ನಿಂತಿರುವ ಸಾಧ್ಯತೆ ಅವರಲ್ಲಿ ಹೆಚ್ಚು.

ಆದ್ದರಿಂದ ಮುಟ್ಟು ತಡವಾಗಿ, ಅಳತೆಯಲ್ಲೋ ಬಣ್ಣದಲ್ಲೋ ಮಾಮೂಲಿನಂತಿಲ್ಲದೆ ಬಂದರೆ, ಬಂತಲ್ಲ ಎಂದು ಬಿಡದೆ ಪರೀಕ್ಷೆ ಮಾಡಿಕೊಳ್ಳಿ. ನೆಗೆಟಿವ್ ಬಂದೂ ಸ್ರಾವ ಮುಂದುವರಿದರೆ ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ನೋಡಿ, ಏಕೆಂದರೆ ತೀರ ಮೊದಲೇ ನೋಡಿದರೆ ಅಥವಾ ಹೆಚ್ಚು ನೀರು ಕುಡಿದು ಮೂತ್ರ ತಿಳಿಯಾಗಿದ್ದರೆ ಗೆರೆ ಮೂಡದೇ ಹೋಗಬಹುದು. ಪಾಸಿಟಿವ್ ಬಂದರೆ ವೈದ್ಯರು 48 ಗಂಟೆಗಳ ಅಂತರದಲ್ಲಿ ಎರಡು ಬಾರಿ ರಕ್ತದಲ್ಲಿರುವ ಗರ್ಭದ ಹಾರ್ಮೋನಾದ ಎಚ್‌ಸಿಜಿ ಮಟ್ಟವನ್ನು ನೋಡಿ, ಅದು ಏರುವ ರೀತಿಯನ್ನು ಸ್ಕ್ಯಾನಿಂಗ್‌ ಜೊತೆ ತಾಳೆ ಹಾಕುತ್ತಾರೆ. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ, ಮರುಪರೀಕ್ಷೆಗೆ ಕೊಟ್ಟ ದಿನವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಕೊನೆಯ ಮುಟ್ಟು ಯಾವಾಗ ಎಂದು ಕೇಳಿದಾಗ, ಸಂಶಯದ ಸ್ರಾವದ ದಿನಾಂಕದ ಜೊತೆಗೆ ಅದಕ್ಕೂ ಹಿಂದಿನ, ಎಂದಿನಂತೆ ಆದ ಮುಟ್ಟಿನ ದಿನಾಂಕವನ್ನೂ ಹೇಳಿ. ನಿಮ್ಮ ರಕ್ತದ ಗುಂಪು ನನ್ನಂತೆ ನೆಗೆಟಿವ್ ಆಗಿದ್ದರೆ ಅದನ್ನೂ ಮರೆಯದೆ ತಿಳಿಸಿ. ನನಗೆ ಶಸ್ತ್ರಚಿಕಿತ್ಸೆಯ ನಂತರ, ರಕ್ತದ ಗುಂಪಿನ ವ್ಯತ್ಯಾಸದಿಂದ ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಕೊಟ್ಟರು.

ನಾಳ ಒಡೆಯುವ ಮೊದಲೇ ಗೊತ್ತಾಗಿದ್ದರೆ ಮೆಥೋಟ್ರೆಕ್ಸೇಟ್ ಎಂಬ ಇಂಜೆಕ್ಷನ್ನಿನಿಂದಲೇ ಗರ್ಭವನ್ನು ಕರಗಿಸಿ ನಾಳವನ್ನು ಉಳಿಸಲು ಪ್ರಯತ್ನಿಸಬಹುದಿತ್ತು ಎಂದು ವೈದ್ಯೆ ಹೇಳಿದಾಗ, ಖಾನೆಯಲ್ಲಿದ್ದ ಆ ಕಿಟ್ಟೇ ನನಗೆ ನೆನಪಾಯಿತು. ಉಳಿದಿರುವ ಇನ್ನೊಂದು ನಾಳದಿಂದ ಮುಂದೆ ಗರ್ಭ ನಿಲ್ಲಲು ತೊಂದರೆಯಿಲ್ಲ, ಆದರೆ ನಿಂತದ್ದು ತಿಳಿದ ಕೂಡಲೇ ಸ್ಕ್ಯಾನಿಂಗ್‌ಗೆ ಬರಬೇಕು ಎಂದರು. ಹಾರ್ಮೋನು ದೇಹದಿಂದ ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಮೂರು ವಾರ ಬಿಟ್ಟು ಮನೆಯಲ್ಲೇ ಒಮ್ಮೆ ಮೂತ್ರ ಪರೀಕ್ಷೆ ಮಾಡಿಕೊಳ್ಳಲೂ ಹೇಳಿ ಕಳಿಸಿದರು. ಅದಕ್ಕೆ ಖಾನೆಯ ಕಿಟ್ಟನ್ನೇ ತೆಗೆದೆ. ಒಂದೇ ಗೆರೆ ಮೂಡಿತು.