ಹಳೆಯ ಮರ ಹಿಗ್ಗುವುದಿಲ್ಲವೆಂಬ ಮಾತನ್ನು ನಂಬಿ ಅಗಲ ಹಲಗೆಯ ನೆಲ ಹಾಸಿಸಬೇಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಕಟ್ಟಿಸಿದ ನಮ್ಮ ಹೊಸ ಮನೆಯ ಚಾವಡಿಗೆ, ಕಳಚಿದ ಹಳೆಯ ಮನೆಗಳಿಂದ ಬಂದವು ಎನ್ನಲಾದ ತೇಗದ ಹಲಗೆಗಳನ್ನು ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ಹಾಸಿಸಿದೆವು. 12 ಅಡಿ ಅಗಲ, 14 ಅಡಿ ಉದ್ದದ ಆ ಒಂದು ಕೋಣೆಗೆ ಒಂದು ಲಕ್ಷ ರೂಪಾಯಿಗೂ ಮಿಕ್ಕಿ ಖರ್ಚಾಯಿತು. ಈ ವರ್ಷದ ಮಾರ್ಚ್‌ನಲ್ಲಿ ಅಷ್ಟನ್ನೂ ಕಿತ್ತು ತೆಗೆಸಿದೆವು. ನಮ್ಮ ಚಾವಡಿಯ ಹೊಸತರ ಚಿತ್ರಗಳನ್ನು ನೋಡಿದ ಪರಿಚಿತರು ಈಗಲೂ ಹಲಗೆ ಕೊಟ್ಟವರ ವಿಳಾಸ ಕೇಳುತ್ತಿರುವುದರಿಂದ, ನಡೆದದ್ದನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

"ನೂರು ವರ್ಷದ ಮರ ಮಾಷ್ಟ್ರೇ, ಹಿಗ್ಗುವುದು ಕುಗ್ಗುವುದು ಎಲ್ಲ ಎಂದೋ ಮುಗಿದಿದೆ" ಎಂದು ವ್ಯಾಪಾರಿ ಹೇಳಿದಾಗ ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ. ಒಪ್ಪಲು ಕಾರಣವೂ ಇತ್ತು. ಅಜ್ಜನ ಮನೆಯ ಉಪ್ಪರಿಗೆಯಲ್ಲಿ ಗೇಣಿಗಿಂತಲೂ ಅಗಲವಾದ ಹಲಗೆಗಳಿದ್ದು, ನನಗೆ ನೆನಪಿರುವಷ್ಟು ಕಾಲವೂ ಅವು ಒಂದಿಷ್ಟೂ ಅಲುಗಿದ್ದನ್ನು ಕಂಡವನಲ್ಲ. ಆದ್ದರಿಂದ 9 ಅಂಗುಲ ಅಗಲದ ಹಲಗೆಗಳನ್ನೇ ಆರಿಸಿದೆ. ಕಾವಿ ನೆಲವೇ ಸಾಕು ಎಂದ ಅಪ್ಪನ ಮಾತು ಆಗ ನನ್ನ ಕಿವಿಗೆ ಬೀಳಲಿಲ್ಲ.

ಜೂನ್ ಮೂರನೆಯ ವಾರದ ಒಂದು ಬೆಳಗ್ಗೆ ಬರಿಗಾಲಿನಲ್ಲಿ ಚಾವಡಿ ದಾಟುವಾಗ ಅಂಗಾಲಿಗೆ ಏಣುಗಳು ತಾಗಿದವು. ಕುಳಿತು ಅಂಗೈಯಾಡಿಸಿದರೆ ಪ್ರತಿಯೊಂದು ಹಲಗೆಯ ಎರಡೂ ಅಂಚುಗಳು ಮೇಲೆದ್ದು, ನಡುಭಾಗ ದೋಣಿಯ ಹಾಗೆ ತಗ್ಗಾಗಿರುವುದು ತಿಳಿಯಿತು. ಜುಲೈ ಮುಗಿಯುವಷ್ಟರಲ್ಲಿ ಕೋಣೆಯ ನಡುವಿನ ನಾಲ್ಕು ಹಲಗೆಗಳು ಅಂಟು ಬಿಟ್ಟು ಎದ್ದು ನಿಂತವು; ಕಾಲಿಟ್ಟರೆ ಅಡಿಯಲ್ಲಿ ಪೊಳ್ಳು ಶಬ್ದ ಬರುತ್ತಿತ್ತು.

ಮರ ಎಷ್ಟೇ ಹಳೆಯದಾಗಿರಲಿ, ಸುತ್ತಲಿನ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಉದ್ದಕ್ಕೆ ಅದು ಹಿಗ್ಗುವುದು ಲೆಕ್ಕಕ್ಕಿಲ್ಲ, ಹಿಗ್ಗುವುದೆಲ್ಲ ಅಗಲಕ್ಕೆ. ತೇಗವು ಬೇರೆ ಅನೇಕ ಮರಗಳಿಗಿಂತ ಕಡಿಮೆ ಹಿಗ್ಗುವ ಮರವೆಂಬುದು ನಿಜವಾದರೂ, ಅದರೊಳಗಿನ ತೇವ ಶೇಕಡಾ 12ರಿಂದ 18ಕ್ಕೆ ಏರಿದರೆ 9 ಅಂಗುಲದ ಹಲಗೆಯೊಂದು ಸುಮಾರು ಎರಡೂವರೆ ಮಿಲಿಮೀಟರ್ ಅಗಲವಾಗುತ್ತದೆ. ನಮ್ಮ ಕೋಣೆಯ ಅಗಲಕ್ಕೆ ಅಂಥ 16 ಹಲಗೆಗಳು. ಕೂಡಿಸಿದರೆ 4 ಸೆಂಟಿಮೀಟರ್. ಕೆಲಸದವರು ಗೋಡೆಯ ಬದಿಯಲ್ಲಿ ನೂಲಿನಷ್ಟೂ ಜಾಗ ಬಿಟ್ಟಿರಲಿಲ್ಲ. ದಿಮ್ಮಿಯ ನಡುವಿನಿಂದ ಹೊರಮುಖವಾಗಿ ಕೊಯ್ದ ಹಲಗೆ, ಅಂದರೆ ತುದಿಯಲ್ಲಿ ಉಂಗುರದ ಗೆರೆಗಳು ನೆಟ್ಟಗೆ ನಿಂತಿರುವಂಥದ್ದು, ಇದರ ಅರ್ಧದಷ್ಟೇ ಹಿಗ್ಗುತ್ತದೆ. ಅಗಲ ಹಲಗೆಗಳಲ್ಲಿ ಅಂಥದ್ದು ಸಿಗುವುದು ಅಪರೂಪ. ನಮ್ಮಲ್ಲಿದ್ದವುಗಳ ಗೆರೆಗಳೆಲ್ಲ ಬಿಲ್ಲಿನಂತೆ ಬಾಗಿದ್ದವು.

ಇದಕ್ಕಿಂತ ದೊಡ್ಡ ತಪ್ಪು ಅಡಿಯಲ್ಲಿತ್ತು. ಜನವರಿಯಲ್ಲಿ ಹಾಕಿದ 4 ಅಂಗುಲದ ಕಾಂಕ್ರೀಟ್ ಒಣಗಲು ಅಂಗುಲಕ್ಕೆ ಒಂದು ತಿಂಗಳೆಂಬ ರೂಢಿಯ ಲೆಕ್ಕದಲ್ಲಿ ನಾಲ್ಕು ತಿಂಗಳಾದರೂ ಬೇಕಿತ್ತು. ನಾವು ಮೂರು ತಿಂಗಳೂ ಕಾಯದೆ, ನಡುವೆ ಪ್ಲಾಸ್ಟಿಕ್ ಹಾಳೆಯನ್ನೂ ಹಾಸದೆ ಹಲಗೆ ಅಂಟಿಸಿದೆವು. ಹಲಗೆಯ ಮೇಲ್ಮುಖಕ್ಕೆ ಮೂರು ಸಲ ಪಾಲಿಶ್ ಬಳಿದಿದ್ದರೆ ಅಡಿಮುಖ ಬರಿದಾಗಿತ್ತು. ಕೆಳಗಿನಿಂದ ಏರಿದ ತೇವ ಅಡಿಭಾಗವನ್ನು ಹಿಗ್ಗಿಸಿ, ಅಂಚುಗಳನ್ನು ಮೇಲಕ್ಕೆ ಬಾಗಿಸಿತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇದು ಮೊದಲೇ ಹೊಳೆಯಬೇಕಿತ್ತು.

ಆಗಸ್ಟ್‌ನಲ್ಲಿ ಮಾಡಿಸಿದ ದುರಸ್ತಿಯಿಂದ ಇದ್ದ ಹಾನಿ ಇಮ್ಮಡಿಯಾಯಿತು. ಗುತ್ತಿಗೆದಾರರು ಮೆಷಿನ್ ತಂದು ಎದ್ದ ಅಂಚುಗಳನ್ನು ಉಜ್ಜಿ ಸಮ ಮಾಡಿ, ಮತ್ತೆ ಪಾಲಿಶ್ ಕೊಟ್ಟು ಹೋದರು. ಫೆಬ್ರವರಿಯಲ್ಲಿ ಮರ ಒಣಗಿ ಮೊದಲಿನ ಆಕಾರಕ್ಕೆ ಮರಳಿದಾಗ, ಸವೆಸಿದ ಅಂಚುಗಳು ತಗ್ಗಾಗಿ ಪ್ರತಿ ಹಲಗೆಯ ನಡುಭಾಗ ಬೆನ್ನಿನಂತೆ ಉಬ್ಬಿ ನಿಂತಿತು. ತೇವದಿಂದ ಬಾಗಿದ ಹಲಗೆಯನ್ನು, ಅದು ಪೂರ್ತಿ ಒಣಗಿದೆಯೆಂದು ಅಳೆದು ನೋಡುವ ಮೊದಲು, ಯಾರು ಎಷ್ಟೇ ಒತ್ತಾಯಿಸಿದರೂ ಉಜ್ಜಲು ಬಿಡಬೇಡಿ.

ಅದೇ ತಿಂಗಳು ಮಂಚದ ಕಾಲಿನ ಬಳಿ ತಿಳಿ ಹಳದಿ ಪುಡಿಯ ಪುಟ್ಟ ಗುಪ್ಪೆಯೊಂದು ಕಾಣಿಸಿತು. ಬೆರಳುಗಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನಷ್ಟು ನುಣುಪು. ಗುಡಿಸಿದರೆ ಮರುದಿನ ಮತ್ತೆ ಅಲ್ಲೇ ಇರುತ್ತಿತ್ತು. ಕರೆಸಿದ ಹಿರಿಯ ಆಚಾರಿಯವರು ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ತೋರಿಸಿ ಕುಟ್ಟೆ ಹಿಡಿದಿದೆ ಎಂದರು. ಈ ಹುಳು ತಿನ್ನುವುದು ಮರದ ನಡುವಿನ ಗಟ್ಟಿ ತಿರುಳಾದ ಚೇಗನ್ನಲ್ಲ, ಅದರ ಸುತ್ತಲಿನ ಬಿಳಿ ಭಾಗದಲ್ಲಿರುವ ಪಿಷ್ಟವನ್ನು. ಬಹುಕಾಲ ಕಳೆದ ಮರದಲ್ಲಿ ಆ ಪಿಷ್ಟ ಉಳಿದಿರುವುದಿಲ್ಲ. ಹಾಗಾದರೆ ನೂರು ವರ್ಷದ ಮರಕ್ಕೆ ಕುಟ್ಟೆ ಬಂದದ್ದು ಹೇಗೆ? ಅವರು ಹಲಗೆಯೊಂದನ್ನು ಕಿತ್ತು ತುದಿಯಲ್ಲಿ ಒಂದು ಅಂಗುಲ ಕೊಯ್ದರು. ಮೇಲಿನ ಕಂದು ಬಣ್ಣ ಕಾಗದದಷ್ಟು ದಪ್ಪವೂ ಇರಲಿಲ್ಲ, ಒಳಗೆಲ್ಲ ಹೊಸ ಮರದ ಬಿಳುಪು. ನಿಜವಾದ ಹಳೆಯ ಹಲಗೆಗಳ ಮೊಳೆತೂತಿನ ಸುತ್ತ ತುಕ್ಕಿನ ಕಪ್ಪು ಕಲೆ ಮರದೊಳಕ್ಕೂ ಇಳಿದಿತ್ತು. ಈ ಹಲಗೆಯ ತೂತುಗಳು ಡ್ರಿಲ್‌ನಿಂದ ಕೊರೆದಂತೆ ಶುಚಿಯಾಗಿದ್ದವು. ಎಣಿಸಿದಾಗ ಅಂಥ ಹೊಸ ಹಲಗೆಗಳು ಐದು ಸಿಕ್ಕವು. ವ್ಯಾಪಾರಿ ನಮ್ಮ ಫೋನ್ ಎತ್ತುವುದನ್ನು ಆಮೇಲೆ ನಿಲ್ಲಿಸಿದರು.

ಅಜ್ಜನ ಮನೆಯ ಉಪ್ಪರಿಗೆಯ ವಿಷಯ ಕೇಳಿದ್ದಕ್ಕೆ ಆಚಾರಿಯವರು, "ಅದಕ್ಕೆ ಮೇಲೂ ಗಾಳಿ, ಕೆಳಗೂ ಗಾಳಿ ಮಾಷ್ಟ್ರೇ. ಅಡುಗೆಮನೆಯ ಹೊಗೆಯೂ ಇತ್ತು. ನೀವು ಹಲಗೆಯನ್ನು ತಂದು ಸಿಮೆಂಟಿಗೆ ಅಂಟಿಸಿದಿರಿ" ಎಂದರು.

ಇಷ್ಟಾದರೂ ಹಲಗೆಯ ನೆಲವೇ ಬೇಕೆನ್ನುವವರು 3 ಅಂಗುಲದ ಹಲಗೆಗಳನ್ನು ಆರಿಸಿ, ಸುತ್ತಲೂ ಹಿಗ್ಗಲು ಜಾಗ ಬಿಡಿಸಿ, ಅದನ್ನು ಸ್ಕರ್ಟಿಂಗ್‌ನಿಂದ ಮುಚ್ಚಿಸಿ. ಮುಂಗಡ ಕೊಡುವ ಮೊದಲು ನಾಲ್ಕಾರು ಹಲಗೆಗಳ ತುದಿಯನ್ನು ನಿಮ್ಮ ಕಣ್ಣೆದುರೇ ಕೊಯ್ಯಿಸಿ. ಒಪ್ಪದ ವ್ಯಾಪಾರಿಯ ಬಳಿ ಕೊಳ್ಳಬೇಡಿ. ಅರ್ಧ ಮೀಟರಿನ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ದಿನ ಬಿಟ್ಟು, ಅಡಿಯಲ್ಲಿ ಬೆವರು ಕಂಡರೆ ಕೆಲಸ ನಿಲ್ಲಿಸಿ. ಮರದ ತೇವ ಅಳೆಯುವ ಮೀಟರನ್ನು ಆಚಾರಿಯವರಿಂದ ಎರವಲು ತಂದಾದರೂ ಹಲಗೆಗಳನ್ನು ಚುಚ್ಚಿ ನೋಡಿ. ಹಲಗೆಗಳು ಕೆಲವು ವಾರ ಆ ಕೋಣೆಯಲ್ಲೇ, ನಡುವೆ ರೀಪಿಟ್ಟು, ಗಾಳಿಯಾಡುವಂತೆ ಇರಲಿ.

ನಮ್ಮ ಚಾವಡಿಗೆ ಈಗ ಕಾವಿ ಹಾಕಿಸಿದ್ದೇವೆ. ಉಳಿದ 11 ನಿಜವಾದ ಹಳೆಯ ಹಲಗೆಗಳನ್ನು ಆಚಾರಿಯವರು ಕೊಟ್ಟಿಗೆಯ ಅಟ್ಟಕ್ಕೆ, ಅಡಿಯಲ್ಲಿ ಗಾಳಿಯಾಡುವಂತೆ, ಅಂಟಿಲ್ಲದೆ ಜೋಡಿಸಿ ಕೊಟ್ಟಿದ್ದಾರೆ.