ಹಳೆಯ ಕಾರಿಗೆ ಸಾದಾ ಪ್ಲಗ್ಗೇ ಸರಿ: ಎನ್‌ಜಿಕೆ ಬಿಪಿಆರ್6ಇಎಸ್

ನನ್ನದು ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಇರುವ ನಾಲ್ಕು ಸಿಲಿಂಡರಿನ ಹಳೆಯ ಕಾರು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬದಲಿಸಬೇಕಿತ್ತು. ತುದಿಗೆ ಗಟ್ಟಿ ಲೋಹವಾದ ಇರಿಡಿಯಂ ಇರುವ ಪ್ಲಗ್ ಹಾಕು, ಮತ್ತೆ ಅತ್ತ ನೋಡುವುದೇ ಬೇಡ ಎಂದು ಹಲವರು ಹೇಳಿದರು. ನನಗೆ ಬೇಕಿದ್ದುದು ಆಗಾಗ ಬಿಚ್ಚಿ ನೋಡಬಹುದಾದ ಪ್ಲಗ್. ಹಾಗಾಗಿ ಕೈಪಿಡಿಯಲ್ಲಿ ಸೂಚಿಸಿದ್ದ ಸಾದಾ ನಿಕಲ್ ಪ್ಲಗ್ಗನ್ನೇ, ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ ಅನ್ನು, ತಂದು ನಾನೇ ಕೂರಿಸಿದೆ. ಇರಿಡಿಯಂನ ದೊಡ್ಡ ಗುಣ ಬಾಳಿಕೆ. ಆದರೆ ಎಣ್ಣೆ ಸುಡುವ ಹಳೆಯ ಎಂಜಿನ್ನಿನಲ್ಲಿ ಪ್ಲಗ್ ಸವೆಯುವ ಮೊದಲೇ ಮಸಿ ಹಿಡಿದು ಕೆಡುತ್ತದೆ.

ಹೆಸರಿನಲ್ಲಿರುವ 6 ಶಾಖದ ಶ್ರೇಣಿ, ಅಂದರೆ ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂಬುದರ ಗುರುತು. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗಿನದು (ಬಿಸಿಯನ್ನು ಬೇಗ ಹೊರಹಾಕುವಂಥದ್ದು), ಬಾಷ್ ಕಂಪನಿಯದರಲ್ಲಿ ಇದಕ್ಕೆ ತದ್ವಿರುದ್ಧ. ಬೇರೆ ಕಂಪನಿಯ ಪ್ಲಗ್ಗಿನಿಂದ ಇದಕ್ಕೆ ಬದಲಾಯಿಸುವವರು ಅಂಕಿಯನ್ನಷ್ಟೇ ಹೊಂದಿಸಿದರೆ ಕೆಟ್ಟರು.

ಪ್ಲಗ್ಗಿನಷ್ಟೇ ಮುಖ್ಯವಾದುದು ಅದನ್ನು ಬಿಚ್ಚುವ ಸಾಕೆಟ್. ಇದಕ್ಕೆ ಬೇಕಾದದ್ದು 21 ಮಿ.ಮೀ. ಅಳತೆಯದು, ಒಳಗೆ ರಬ್ಬರ್ ಇರಬೇಕು. ಆ ರಬ್ಬರ್ ಪ್ಲಗ್ಗನ್ನು ಹಿಡಿದುಕೊಳ್ಳುತ್ತದೆ, ಪಿಂಗಾಣಿ ಬಿರುಕು ಬಿಡದಂತೆಯೂ ಕಾಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪ್ಲಗ್ಗಿನ ಸುತ್ತಲಿನ ದೂಳನ್ನು ಗಾಳಿಯಿಂದ ಊದಿ, ಒಂದೊಂದಾಗಿಯೇ ಬಿಚ್ಚಿದೆ. ಎಲ್ಲ ವೈರುಗಳನ್ನೂ ಒಟ್ಟಿಗೆ ಕಿತ್ತರೆ ಯಾವುದು ಯಾವ ಸಿಲಿಂಡರಿನದೆಂದು ಹುಡುಕುತ್ತಾ ಕೂರಬೇಕಾಗುತ್ತದೆ.

ನನಗೆ ಅತ್ಯಂತ ಇಷ್ಟವಾದ ಕೆಲಸ ಹಳೆಯ ಪ್ಲಗ್ಗುಗಳನ್ನು ಸಾಲಾಗಿ ಇಟ್ಟು ನೋಡುವುದು. ನಾಲ್ಕರಲ್ಲಿ ಮೂರು ಪ್ಲಗ್ಗುಗಳ ತುದಿ ತಿಳಿ ಕಂದು ಬಣ್ಣಕ್ಕಿತ್ತು, ಅಂದರೆ ಅಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿದೆ. ಒಣ ಮಸಿ ಕಂಡಿದ್ದರೆ ಪೆಟ್ರೋಲು ಹೆಚ್ಚಾಗಿದೆಯೆಂದು, ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆಯೆಂದು ಅನುಮಾನಿಸಬೇಕಿತ್ತು. ಮೂರನೆಯ ಸಿಲಿಂಡರಿನದು ಮಾತ್ರ ಎಣ್ಣೆಯಿಂದ ಒದ್ದೆಯಾಗಿತ್ತು. ಎಣ್ಣೆ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲೋ ಪಿಸ್ಟನ್ ರಿಂಗೋ ಸವೆದಿರಬೇಕು. ಅದನ್ನು ಯಾವ ಹೊಸ ಪ್ಲಗ್ಗೂ ವಾಸಿ ಮಾಡಲಾರದು. ಎಂಜಿನ್ನಿನ ಹೊಟ್ಟೆಯೊಳಗಿನ ಇಷ್ಟು ಸುದ್ದಿಯನ್ನು ಕೈಯಲ್ಲಿ ಹಿಡಿದು ಓದುವ ಅವಕಾಶವನ್ನು ನಾನಂತೂ ಬಿಟ್ಟುಕೊಡಲಾರೆ.

ಹೊಸ ಪ್ಲಗ್ಗಿನಲ್ಲಿ ನಡುವಿನ ಕಡ್ಡಿಗೂ ಹೊರಗಿನ ಕೊಂಡಿಗೂ ಮಧ್ಯೆ ಕಿಡಿ ಹಾರುವ ಅಂತರವನ್ನು ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿಯಿಂದ ಅಳೆದೇ ಹಾಕಬೇಕು. ನನ್ನ ಕಾರಿನ ಕೈಪಿಡಿ ಕೇಳುವುದು 0.8 ಮಿ.ಮೀ. ಬಾಗಿಸುವುದಾದರೆ ಹೊರಗಿನ ಕೊಂಡಿಯನ್ನು ಮಾತ್ರ. ನಡುವಿನ ಕಡ್ಡಿಗೆ ಒತ್ತಡ ಬೀಳಬಾರದು. ಪ್ಲಗ್ ಕೂರುವ ಎಂಜಿನ್ ಹೆಡ್ ನನ್ನದರಲ್ಲಿ ಮೆತ್ತಗಿನ ಅಲ್ಯೂಮಿನಿಯಂನದು, ಹೀಗಾಗಿ ಥ್ರೆಡ್ ಕೆಡದಂತೆ ಮೊದಲ ಸುತ್ತುಗಳೆಲ್ಲ ಬೆರಳಿನಲ್ಲೇ ಆದವು. ವಾಷರ್ ತಾಗಿದ ಮೇಲೆ ಸಾಕೆಟ್ಟಿನಿಂದ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗಿಂತ ಕಡಿಮೆ. ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಇದ್ದವರಿಗೆ 25ರಿಂದ 30 ನ್ಯೂಟನ್ ಮೀಟರ್. ಈ ಪ್ಲಗ್ಗಿನ ಥ್ರೆಡ್ಡಿಗೆ ಲೋಹದ ಲೇಪವಿರುವುದರಿಂದ ಗ್ರೀಸಿನಂಥದ್ದೇನನ್ನೂ ಬಳಿಯಬಾರದು. ಬಳಿದರೆ ಜಾರಿ, ಅಳತೆ ಮೀರಿ ಬಿಗಿಯಾಗುತ್ತದೆ.

ಬೆಳಗಿನ ಸ್ಟಾರ್ಟಿಂಗ್ ಚುರುಕಾಗಿದೆ, ನಿಂತಲ್ಲಿ ಇದ್ದ ನಡುಕ ಕಡಿಮೆಯಾಗಿದೆ. ಮೈಲೇಜು ಏರಿತೆಂದು ಹೇಳಲಾರೆ, ಏರಲೆಂದು ಹಾಕಿದ್ದೂ ಅಲ್ಲ. ಇರಿಡಿಯಂ ಅಥವಾ ಪ್ಲಾಟಿನಂ ಬೇಕೆಂದೇ ಕೈಪಿಡಿಯಲ್ಲಿ ಬರೆದಿರುವ ಹೊಸ ಎಂಜಿನ್ನಿನವರು ಮಾತ್ರ ಇದನ್ನು ಕೊಳ್ಳಬೇಡಿ. ಕೆಲವದರಲ್ಲಿ ಪ್ಲಗ್ ತಲುಪಲು ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಕಳಚಬೇಕು; ಅಲ್ಲಿ ಬೇಗ ಸವೆಯುವ ನಿಕಲ್ ಹಾಕಿ ಮತ್ತೆ ಮತ್ತೆ ಬಿಚ್ಚುವುದರಲ್ಲಿ ಅರ್ಥವಿಲ್ಲ.